ಲೂಯಿಸ್ ದ್ವೀಪದಲ್ಲಿ ಗೇಲಿಕ್ ಸ್ಥಳನಾಮಗಳ ಸಂಗ್ರಹ: ಹೋಗುವವರಿಗೆ ಕೆಲವು ಸೂಚನೆಗಳು

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಉತ್ತರ ತುದಿಯಲ್ಲಿರುವ ನೆಸ್ ಪ್ರದೇಶಕ್ಕೆ, ಅಲ್ಲಿನ ಹೊಲ, ಗುಡ್ಡ, ತೊರೆಗಳಿಗೆ ಸ್ಥಳೀಯ ಭಾಷೆಯಾದ ಗೇಲಿಕ್‌ನಲ್ಲಿರುವ ಹೆಸರುಗಳನ್ನು ನಕ್ಷೆಗಾಗಿ ದಾಖಲಿಸಲು ಹೋಗುವವರು ಕೆಲಸವನ್ನು ಎಡಿನ್‌ಬರೋದಿಂದಲೇ ಆರಂಭಿಸುವುದು ಒಳ್ಳೆಯದು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಸಿಬ್ಬಂದಿ 1848ರಿಂದ 1852ರ ಅವಧಿಯಲ್ಲಿ ಲೂಯಿಸ್‌ನ ಬಗ್ಗೆ ಬರೆದಿಟ್ಟ ನಾಮಪುಸ್ತಕಗಳು, ಅಂದರೆ ಸ್ಥಳನಾಮಗಳ ದಾಖಲೆ ಪುಸ್ತಕಗಳು, ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಪ್ರತಿ ಹೆಸರಿನ ಕಾಗುಣಿತಕ್ಕೂ ಯಾರ ಮಾತು ಆಧಾರ ಎಂಬುದನ್ನು ಅವುಗಳಲ್ಲಿ ನಮೂದಿಸಲಾಗಿದೆ. ಆಗಿನ ಸರ್ವೆಯವರು ಸಾಮಾನ್ಯವಾಗಿ ಭೂಮಾಲೀಕರು, ಪಾದ್ರಿಗಳು, ಜಮೀನಿನ ಆಡಳಿತಗಾರರಂಥವರ ಮಾತಿಗೆ ಬಡ ಗೇಣಿದಾರರ ಮಾತಿಗಿಂತ ಹೆಚ್ಚು ತೂಕ ಕೊಡುತ್ತಿದ್ದರೆಂಬುದನ್ನು ನೆನಪಿಟ್ಟುಕೊಂಡೇ ಆ ಪುಟಗಳನ್ನು ಓದಬೇಕು.

ಇನ್‌ವರ್ನೆಸ್‌ವರೆಗೆ ರೈಲು, ಅಲ್ಲಿಂದ ಅಲಪುಲ್‌ಗೆ ಬಸ್ಸು, ಆಮೇಲೆ ಲೂಯಿಸ್‌ನ ಸ್ಟಾರ್ನೊವೇ ಬಂದರಿಗೆ ಎರಡೂವರೆ ಗಂಟೆಗೂ ಮೀರಿದ ಹಡಗಿನ ಪಯಣ. ಗಾಳಿ ಜೋರಾದರೆ ಹಡಗು ರದ್ದಾಗುವುದುಂಟಾದ್ದರಿಂದ ಒಂದೆರಡು ದಿನ ಕೈಯಲ್ಲಿರಲಿ. ಭಾನುವಾರವನ್ನು ಲೆಕ್ಕದಿಂದಲೇ ಬಿಡಿ: ದ್ವೀಪದ ಬಹಳಷ್ಟು ಮನೆಗಳಲ್ಲಿ ಅದು ಪ್ರಾರ್ಥನೆಯ ದಿನ. ಅಂದು ಧ್ವನಿಮುದ್ರಣ ಯಂತ್ರ ಹಿಡಿದು ಬಾಗಿಲು ತಟ್ಟುವುದು ಅಸಭ್ಯತೆಯೇ ಸರಿ.

ನಕ್ಷೆಯನ್ನು ಹಿರಿಯರ ಮುಂದೆ ಮೊದಲೇ ಬಿಡಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಚ್ಚಾದ ಹೆಸರನ್ನು ಕಂಡೊಡನೆ ತಮ್ಮ ಬಾಯಿಯ ರೂಪವೇ ತಪ್ಪೆಂದು ಸಂಕೋಚಪಡುವವರು ಅನೇಕರು. ಬೇಸಿಗೆಯಲ್ಲಿ ದನಗಳೊಡನೆ ಬಯಲಿನ ಗುಡಿಸಲುಗಳಿಗೆ ಹೋಗುತ್ತಿದ್ದ ದಾರಿಯನ್ನು ವಿವರಿಸಲು ಕೇಳಿದರೆ, ನಕ್ಷೆಯಲ್ಲಿಲ್ಲದ ಹಳ್ಳ, ದಿಬ್ಬ, ಕಲ್ಲುಗಳ ಹೆಸರುಗಳೂ ಸಾಲಾಗಿ ಬರುತ್ತವೆ. ಬರವಣಿಗೆಯಲ್ಲಿ 'ಕ್ನಾಕ್' ಎಂದು ಕಾಣುವ, ಗುಡ್ಡ ಎಂಬರ್ಥದ ಗೇಲಿಕ್ ಪದ ಮಾತಿನಲ್ಲಿ ಹೆಚ್ಚುಕಡಿಮೆ 'ಕ್ರಾಖ್ಕ್' ಆಗುವುದರಿಂದ ಕೇಳಿದ್ದನ್ನು ಬರೆದುಕೊಂಡರಷ್ಟೇ ಸಾಲದು, ಧ್ವನಿಮುದ್ರಣವೂ ಬೇಕು. ಗೇಲಿಕ್‌ನಲ್ಲೂ ವಿಭಕ್ತಿಗೆ ತಕ್ಕಂತೆ ಹೆಸರಿನ ರೂಪ ಬದಲಾಗುತ್ತದೆ. ಆದ್ದರಿಂದ ಪ್ರತಿ ಹೆಸರನ್ನೂ ಒಂಟಿಯಾಗಿ ಒಮ್ಮೆ, ವಾಕ್ಯದೊಳಗೆ ಒಮ್ಮೆ ಹೇಳಿಸಿಕೊಳ್ಳಿ.

ಸಾಧ್ಯವಾದರೆ ಹೇಳಿದವರ ಜೊತೆಯಲ್ಲೇ ಸ್ಥಳಕ್ಕೆ ನಡೆದು, ಬ್ರಿಟಿಷ್ ನಕ್ಷೆಗಳಲ್ಲಿ ಜಾಗವನ್ನು ಸೂಚಿಸುವ, ಇಲ್ಲಿ ಎನ್‌ಬಿ (NB) ಅಕ್ಷರಗಳಿಂದ ಆರಂಭವಾಗುವ ಗ್ರಿಡ್ ಸಂಖ್ಯೆಯನ್ನು ಅಲ್ಲೇ ಗುರುತಿಸಿಕೊಳ್ಳಿ. ತೊರೆಯ ವಿಷಯದಲ್ಲಿ ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆಂದು ಕೇಳಲೇಬೇಕು, ಏಕೆಂದರೆ ಒಂದೇ ನೀರು ಮೇಲ್ಭಾಗದಲ್ಲಿ ಒಂದು ಹೆಸರು, ಕೆಳಗೆ ಇನ್ನೊಂದು ಹೆಸರು ಹೊತ್ತಿರಬಹುದು. ಬಯಲೆಲ್ಲ ಪೀಟ್ ಕೆಸರು, ಅಂದರೆ ಅರೆಕೊಳೆತ ಸಸ್ಯಗಳ ಜೌಗು ಮಣ್ಣು. ಮೊಣಕಾಲಿನವರೆಗಿನ ರಬ್ಬರ್ ಬೂಟುಗಳಿಲ್ಲದೆ ಇಳಿಯಬೇಡಿ. 2003ರ ಭೂಸುಧಾರಣಾ ಕಾಯ್ದೆಯು ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆಯಾದರೂ, ಕುರಿಗಳು ಮರಿ ಹಾಕುವ ವಸಂತದಲ್ಲಿ ರೈತರನ್ನು ಕೇಳಿಯೇ ಹೋಗುವುದು ಲೇಸು. ಹಗಲು ದೀರ್ಘವಾಗಿದ್ದು ಮಿಜ್ ಎಂಬ ಕಚ್ಚುವ ನುಸಿಗಳು ಇನ್ನೂ ವಿಪರೀತವಾಗದ ಮೇ ತಿಂಗಳು ನನಗೆ ಹಿಡಿಸಿತು.

ಧ್ವನಿಮುದ್ರಣಕ್ಕೆ ಲಿಖಿತ ಒಪ್ಪಿಗೆ ಪಡೆದು, ಮುದ್ರಣದ ಒಂದು ಪ್ರತಿಯನ್ನು 1977ರಲ್ಲಿ ಆರಂಭವಾದ ನೆಸ್‌ನ ಸ್ಥಳೀಯ ಇತಿಹಾಸ ಸಂಘಕ್ಕೆ ಕೊಡಿ. ನಕ್ಷೆಗೆ ಸೇರಿಸುವ ಮುನ್ನ ಕಾಗುಣಿತದ ಬಗ್ಗೆ ಗೇಲಿಕ್ ಸ್ಥಳನಾಮಗಳ ರಾಷ್ಟ್ರೀಯ ಸಲಹಾ ಸಂಸ್ಥೆಯ ಅಭಿಪ್ರಾಯವನ್ನು ಕೇಳಿ. ಆದರೆ ಊರವರು ನುಡಿದ ರೂಪವನ್ನು ಪ್ರತ್ಯೇಕ ಅಂಕಣದಲ್ಲಿ ಹಾಗೆಯೇ ಉಳಿಸಿಕೊಳ್ಳಿ.