ತಪ್ಪು ಕಾರ್ಬೊರೇಟರಿನದ್ದಲ್ಲ

ಬೆಳಿಗ್ಗೆ ಸ್ಟಾರ್ಟರಿನ ಗುಬ್ಬಿ ಎಳೆದ ತಕ್ಷಣ ಕಾರು ಚಾಲೂ ಆಗುತ್ತಿತ್ತು. ಇಪ್ಪತ್ತು ನಿಮಿಷ ಓಡಿ ಬಿಸಿಯಾಯಿತೋ, ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಹೊರಡುತ್ತಿತ್ತು.

ನನ್ನದು 1959ರ ಮಾರಿಸ್ ಮೈನರ್, 948 ಸಿಸಿ ಎಂಜಿನ್. ನೆಲದ ತುಕ್ಕು ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದಕ್ಕೇ ಒಂದು ವರ್ಷ ಹಿಡಿದಿತ್ತು. ಇದರ ಬಾನೆಟ್ ನಡುವೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿಯಿದೆ. 1948ರಲ್ಲಿ ಕಾರು ಹೊರಬರುವ ಮುಂಚೆ, ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರಿಗೆ ಅಗಲ ಸಾಲದು ಅನ್ನಿಸಿತು. ಮಾದರಿ ಕಾರನ್ನು ನಡುವೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದರು. ಆ ಪಟ್ಟಿ ಅದರ ಗುರುತು. ಕಾರು ಒರೆಸುವಾಗ ನನ್ನ ಕೈ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ.

ಪೆಟ್ರೋಲಿನದೇ ತೊಂದರೆ ಅಂದುಕೊಂಡೆ. ಶಾಖಕ್ಕೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು ಹಳೆಯ ಕಾರುಗಳಲ್ಲಿ ಇದ್ದದ್ದೇ, ಅಲ್ವಾ? ಪೈಪನ್ನು ಎಂಜಿನ್ನಿನಿಂದ ದೂರ ಸರಿಸಿದೆ. ಪಂಪ್ ಬಿಚ್ಚಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ ತೊಳೆದೆ. ಪ್ರತಿ ಸಲವೂ ಸರಿಹೋಯಿತು ಎಂದು ಹೊರಟು, ತಳ್ಳಿಕೊಂಡು ಬಂದೆ.

ಆ ಸಂಜೆ ಶೆಡ್ಡಿನ ಬಾಗಿಲ ಹತ್ತಿರವೇ ನಿಂತಿತು. ಮಗಳು ಜೊತೆಗಿದ್ದಳು. "ಅಪ್ಪಾ, ಪೆಟ್ರೋಲ್ ಬರ್ತಾ ಇದೆಯಲ್ಲಾ. ಕಿಡಿ ಬರ್ತಿದೆಯಾ ಅಂತ ನೋಡಿದ್ಯಾ?" ಅಂದಳು.

ನೋಡಿರಲಿಲ್ಲ. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಒಂದು ಪ್ಲಗ್ ಬಿಚ್ಚಿ ಪರೀಕ್ಷಿಸಿದೆ. ಹಳದಿ ಬಣ್ಣದ, ಬಡಕಲು ಕಿಡಿ. ಎಂಜಿನ್ ಬಿಸಿ ಆರುವ ಮೊದಲೇ, ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ದೀಪ ಆರಿಸಿದೆವು. ನಾನು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ. ಅವಳು ಬಗ್ಗಿ ನೋಡುತ್ತಿದ್ದಳು.

"ಪಾಯಿಂಟ್ ಬಿಟ್ಟುಕೊಂಡಾಗಲೆಲ್ಲ ಫಳ್ ಅಂತ ಹೊಳೀತಿದೆ!"

ಪಾಯಿಂಟ್ ಅಂದರೆ ಕೂಡಿ ಬಿಡುವ ಪುಟ್ಟ ಸ್ವಿಚ್. ಅದು ಬಿಟ್ಟುಕೊಂಡ ಗಳಿಗೆಯಲ್ಲಿ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಕರೆಂಟ್ ಥಟ್ಟನೆ ಕಡಿಯಬೇಕು. ಆಗಲೇ ಪ್ಲಗ್ಗಿನಲ್ಲಿ ಜೋರು ಕಿಡಿ ಹುಟ್ಟುವುದು. ಕರೆಂಟ್ ಆ ಸಂದಿಯನ್ನು ಹಾರದಂತೆ ಪಕ್ಕದ ಕಂಡೆನ್ಸರ್ ಹೀರಿಕೊಳ್ಳುತ್ತದೆ. ಕಂಡೆನ್ಸರ್ ಸೋತರೆ ಕಿಡಿಯ ಬಲವೆಲ್ಲ ಪಾಯಿಂಟಿನಲ್ಲೇ ಸುಟ್ಟುಹೋಗುತ್ತದೆ. ಬಿಸಿಗೆ ಸೋತು, ತಣ್ಣಗಾದ ಮೇಲೆ ಚೇತರಿಸಿಕೊಳ್ಳುವ ಕಂಡೆನ್ಸರ್‌ಗಳೂ ಇರುತ್ತವೆ. ನನಗೆ ಅಂಥದ್ದೇ ಸಿಕ್ಕಿತ್ತು.

ಅದನ್ನು ಹಾಕಿದ್ದು ನಾನೇ. ಎರಡು ತಿಂಗಳ ಹಿಂದೆ ಪಾಯಿಂಟ್ ಬದಲಿಸುವಾಗ ಕಂಡೆನ್ಸರನ್ನೂ ಬದಲಿಸಿದ್ದೆ. ಹಳೆಯದರಲ್ಲಿ ಏನೂ ತೊಂದರೆ ಇರಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸುವ ರೂಢಿ, ಅಷ್ಟೆ. ಕಾಯಿಲೆ ಶುರುವಾದದ್ದೂ ಆಮೇಲೆಯೇ. ಅದು ಹೊಳೆಯಲು ಎರಡು ತಿಂಗಳು ಬೇಕಾಯಿತಲ್ಲ ಎಂದು ಈಗಲೂ ಬೇಸರವಾಗುತ್ತದೆ. ಬಿಚ್ಚಿದ ಭಾಗವನ್ನು ನಾನು ಎಸೆಯುವುದಿಲ್ಲ. ಹಳೆಯ ಕಂಡೆನ್ಸರ್ ತಗಡಿನ ಡಬ್ಬಿಯಲ್ಲೇ ಇತ್ತು.

ಕಪ್ಪಾಗಿದ್ದ ಪಾಯಿಂಟನ್ನು ಸಣ್ಣ ಅರದಿಂದ ಉಜ್ಜಿದೆ. ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಇಟ್ಟು ಸಂದಿಯನ್ನು 0.38 ಮಿಲಿಮೀಟರಿಗೆ ಕೂರಿಸಿದೆ. ಹಳೆಯ ಕಂಡೆನ್ಸರ್ ಬಿಗಿದೆ. ಕೀಲಿ ತಿರುಗಿಸಿದೊಡನೆ ಪಂಪ್ ಟಿಕ್ ಟಿಕ್ ಎಂದು ಸುಮ್ಮನಾಯಿತು. ಗುಬ್ಬಿ ಎಳೆದೆ. ಆ ರಾತ್ರಿ ಅಪ್ಪ ಮಗಳು ಒಂದು ಗಂಟೆ ಸುತ್ತಾಡಿದೆವು. ಒಮ್ಮೆಯೂ ಮುಗ್ಗರಿಸಲಿಲ್ಲ.

ಮರುದಿನ ಕಾರ್ಬೊರೇಟರಿನ ಕೆಲಸ ಬಾಕಿಯಿತ್ತು. ತಪ್ಪಿಲ್ಲದೆ ಮೂರು ಸಲ ಬಿಚ್ಚಿಸಿಕೊಂಡು ಅದರ ಹದ ಕೆಟ್ಟಿತ್ತು. ಎಂಜಿನ್ ಓಡುತ್ತಿರುವಾಗ, ಪಕ್ಕದ ಪಿನ್ನಿನಿಂದ ಕಾರ್ಬೊರೇಟರಿನೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕಿವಿಗೊಟ್ಟೆ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕುಗ್ಗಿ ನಿಲ್ಲುವಂತಾದರೆ ಕಡಿಮೆ. ಅಡಿಯ ನಟ್ಟನ್ನು ಒಂದೊಂದೇ ಮುಖ ತಿರುಗಿಸುತ್ತಾ ಹೋದೆ. ಐದನೇ ಸಲ ಸದ್ದು ಚೂರೇ ಚೂರು ಏರಿ, ತಾನಾಗಿ ಮೊದಲಿನ ನೆಲೆಗೆ ಬಂತು. ಸ್ಪ್ಯಾನರ್ ಕೆಳಗಿಟ್ಟೆ.