ಲಿಂಕನ್ ಕೆಂಟಕಿ ಅಲ್ವಾ ಸರ್?
ಮಕ್ಕಳ ಕ್ವಿಜ್ ಕಾರ್ಡ್ ಮಾಡುವ ಟೀಮಿಗೆ ನಾನು ಕಂಟೆಂಟ್ ಲೀಡ್. ಕಳೆದ ವರ್ಷ ಅಮೆರಿಕದ ಸೆಟ್ ನಡೆಯುತ್ತಿತ್ತು. ರಾಜ್ಯಕ್ಕೊಂದು ಕಾರ್ಡ್, ಅದರ ಹಿಂದೆ ‘ಇಲ್ಲಿ ಹುಟ್ಟಿದವರು’ ಅಂತ ಐದು ಹೆಸರು. ಇಲಿನಾಯ್ ಕಾರ್ಡ್ ನನ್ನದು. ಮೊದಲ ಹೆಸರು ಅಬ್ರಹಾಂ ಲಿಂಕನ್ ಅಂತ ಯೋಚನೆಯನ್ನೇ ಮಾಡದೆ ಬರೆದೆ.

ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಶೀಟಿನಲ್ಲಿ ಕಾಮೆಂಟ್ ಹಾಕಿದ್ದಳು: ‘ಲಿಂಕನ್ ಕೆಂಟಕಿ ಅಲ್ವಾ ಸರ್?’ ಇಲಿನಾಯ್ ಗಾಡಿಗಳ ನಂಬರ್ ಪ್ಲೇಟ್ ಮೇಲೇ ‘ಲ್ಯಾಂಡ್ ಆಫ್ ಲಿಂಕನ್’ ಅಂತ ಬರೆದಿರುತ್ತದೆ, ಫೋಟೋದಲ್ಲಿ ಎಷ್ಟೋ ಸಲ ನೋಡಿದ್ದೆ. ಅದನ್ನೇ ನಂಬಿ ಸುಮ್ನೆ ‘ರಿಸಾಲ್ವ್’, ಅಂದರೆ ವಿಷಯ ಮುಗಿಯಿತು ಅನ್ನುವ ಬಟನ್, ಒತ್ತಿಬಿಟ್ಟೆ. ರಿಸಾಲ್ವ್ ಆದ ಕಾಮೆಂಟನ್ನು ಆ ಹಾಳು ಟೂಲ್ ಮುಚ್ಚಿಡುತ್ತದೆ. ಡಿಸೈನ್‌ನವರಿಗೂ ಕಾಣಲಿಲ್ಲ, ಗುಣಮಟ್ಟ ನೋಡುವ ಕ್ಯೂಸಿಯವರಿಗೂ ಕಾಣಲಿಲ್ಲ. ಎರಡನೇ ಪ್ರೂಫ್ ರೌಂಡನ್ನು ಮ್ಯಾನೇಜ್ಮೆಂಟ್ ಆ ತಿಂಗಳಷ್ಟೇ ತೆಗೆದುಹಾಕಿತ್ತು.

ಶುಕ್ರವಾರ ಸಂಜೆ ಆರೂವರೆಗೆ ಪ್ರೆಸ್‌ನಿಂದ ಫೋನ್. ‘ಪ್ಲೇಟ್ ಹಾಕ್ತಾ ಇದ್ದೀವಿ, ಓಕೆನಾ?’ ಓಕೆ ಅನ್ನಲು ಬಾಯಿ ತೆರೆದಿದ್ದೆ. ಮೇಜಿನ ಮೇಲೆ ಕೆಂಟಕಿ ಕಾರ್ಡಿನ ಡಮ್ಮಿ (ಮಾದರಿ ಪ್ರತಿ) ಬಿದ್ದಿತ್ತು, ಅದು ಅವಳು ಮಾಡಿದ ಕಾರ್ಡ್. ಮುಹಮ್ಮದ್ ಅಲಿ, ಲೂಯಿವಿಲ್, 1942. ಅದರ ಮೇಲಿನ ಸಾಲಿನಲ್ಲಿ ಅಬ್ರಹಾಂ ಲಿಂಕನ್, ಹಾಡ್ಜೆನ್‌ವಿಲ್ ಹತ್ತಿರ, 1809. ಕೈ ತಣ್ಣಗಾಯಿತು.

‘ಸ್ವಲ್ಪ ತಡೀರಿ’ ಅಂದೆ. ‘ಏಳಕ್ಕೆ ಮಷಿನ್ ಬೇರೆ ಜಾಬ್‌ಗೆ ಹೋಗುತ್ತೆ ಸರ್’ ಅಂದರು.

ಲಿಂಕನ್ ಒಬ್ಬರನ್ನು ತೆಗೆದರೆ ಸಾಕು ಅಂದುಕೊಂಡಿದ್ದೆ. ಉಳಿದ ನಾಲ್ಕು ಹೆಸರು ನೋಡಿದಾಗ ಎದೆ ಜೋರಾಗಿ ಹೊಡೆದುಕೊಳ್ಳತೊಡಗಿತು. ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರಾಂಟ್ ಹುಟ್ಟಿದ್ದು ಒಹಾಯೋದಲ್ಲಿ. ಬರಾಕ್ ಒಬಾಮಾ ಹವಾಯಿಯ ಹೊನೊಲುಲುವಿನಲ್ಲಿ. ಮೈಕಲ್ ಜೋರ್ಡನ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಲಿಂಕನ್ ಇಲಿನಾಯ್‌ಗೆ ಬಂದಿದ್ದೇ 1830ರಲ್ಲಿ, ಇಪ್ಪತ್ತೊಂದು ವಯಸ್ಸಿಗೆ. ಎಲ್ಲರೂ ಅಲ್ಲಿಗೆ ಬಂದು ಹೆಸರು ಮಾಡಿದವರು. ಹುಟ್ಟೂರಿನ ಕಾಲಮ್ಮಿನಲ್ಲಿ ನಾನು ತುಂಬಿದ್ದು ಹೆಸರು ಮಾಡಿದ ಊರು. ಐದರಲ್ಲಿ ಸರಿ ಇದ್ದದ್ದು ಒಂದೇ: ವಾಲ್ಟ್ ಡಿಸ್ನಿ, ಶಿಕಾಗೋ, 1901.

ಅವಳನ್ನು ಕೂಗಿದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು, ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. ರೊನಾಲ್ಡ್ ರೇಗನ್, ಟ್ಯಾಂಪಿಕೋ, 1911. ಇಲಿನಾಯ್‌ನಲ್ಲಿ ಹುಟ್ಟಿದ ಒಬ್ಬರೇ ಅಧ್ಯಕ್ಷರು ಅವರು. ಕಾದಂಬರಿಕಾರ ಹೆಮಿಂಗ್ವೇ, ಓಕ್ ಪಾರ್ಕ್, 1899. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್, ಆಲ್ಟನ್, 1926. ಜೇನ್ ಆಡಮ್ಸ್, ಸೀಡರ್‌ವಿಲ್, 1860. ಆಡಮ್ಸ್ 1931ರಲ್ಲಿ ಶಾಂತಿ ನೊಬೆಲ್ ಪಡೆದವರು. ಅಂಥವರು ನನ್ನ ತಲೆಗೇ ಬಂದಿರಲಿಲ್ಲ, ಅದು ಈಗಲೂ ಚುಚ್ಚುತ್ತದೆ. ಒಂದೊಂದು ಹೆಸರನ್ನೂ ಎರಡೆರಡು ಕಡೆ ನೋಡಿದೆವು. ಹೊಸ ಪಿಡಿಎಫ್ ಹೋದಾಗ ಏಳಕ್ಕೆ ನಾಲ್ಕು ನಿಮಿಷ ಇತ್ತು.

ಆಮೇಲೆ ಅವಳ ಉಳಿದ ಕಾರ್ಡ್‌ಗಳನ್ನು ನಿಧಾನವಾಗಿ ಓದಿದೆ. ಕೆಎಫ್‌ಸಿಯ ಕರ್ನಲ್ ಸ್ಯಾಂಡರ್ಸ್ ಅವರನ್ನು ನಾನಾಗಿದ್ದರೆ ಕಣ್ಣು ಮುಚ್ಚಿ ಕೆಂಟಕಿಗೆ ಹಾಕುತ್ತಿದ್ದೆ. ಅವಳು ಇಂಡಿಯಾನಾ ಕಾರ್ಡಿನಲ್ಲಿ ಹಾಕಿದ್ದಳು: ಹೆನ್ರಿವಿಲ್, 1890. ಅದೇ ಸರಿ.

ಮನೆಗೆ ಹೊರಡುವ ಮುಂಚೆ ಆ ಕಾಮೆಂಟನ್ನು ಮತ್ತೆ ತೆರೆದು ಉತ್ತರ ಬರೆದೆ: ‘ಹೌದು, ಕೆಂಟಕಿ. ನೋಡದೆ ಮುಚ್ಚಿದ್ದು ನನ್ನ ತಪ್ಪು.’ ಸೋಮವಾರದ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆಯೂ ಇದನ್ನೇ ಹೇಳಿದೆ. ಈಗ ನಮ್ಮಲ್ಲಿ ಕಾಮೆಂಟ್ ಹಾಕಿದವರೇ ಅದನ್ನು ಮುಚ್ಚಬೇಕು, ಲೀಡ್ ಮುಚ್ಚುವಂತಿಲ್ಲ. ಎರಡನೇ ಪ್ರೂಫ್ ರೌಂಡ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಪ್ರತಿ ತಿಂಗಳ ರಿವ್ಯೂನಲ್ಲೂ ಕೇಳುತ್ತಿದ್ದೇನೆ.