‘ನಿಮ್ಮ ಕಥೆ ಹೇಳಿ’ ಅನ್ನಬೇಡಿ

ಬಾಲ್ಯದಲ್ಲಿ ಮನೆಯವರಿಂದಲೇ ಹಿಂಸೆ ಉಂಡವರ ಜೊತೆ ರಂಗಕಮ್ಮಟ ನಡೆಸುವಾಗ ಗುಂಪು ಎಂಟು–ಹತ್ತು ಜನರಿಗಿಂತ ದೊಡ್ಡದಾಗುವುದು ಬೇಡ. ನಡೆಸುವವರು ಇಬ್ಬರಿರಲಿ: ಒಬ್ಬರು ಆಟ ಆಡಿಸಲಿ, ಇನ್ನೊಬ್ಬರು ಮುಖಗಳನ್ನು ಗಮನಿಸಲಿ. ಬಾಗಿಲಿಗೆ ಚಿಲಕ ಹಾಕಬೇಡಿ. ಕಣ್ಣು ಕಟ್ಟುವ, ಹಿಂದಕ್ಕೆ ಬೀಳಿಸಿ ಹಿಡಿಯುವ ಆಟಗಳಂತೂ ಬೇಡವೇ ಬೇಡ.

ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೊ ಬೋಲ್ ರೂಪಿಸಿದ ಇಮೇಜ್ ಥಿಯೇಟರ್ ಇಲ್ಲಿ ತುಂಬಾ ಒದಗುತ್ತದೆ. ಮಾತಿಲ್ಲ, ದೇಹಗಳ ಸ್ತಬ್ಧಚಿತ್ರ ಮಾತ್ರ. ಯಾರ ಸ್ವಂತ ಕಥೆಯನ್ನೂ ಕೇಳಬೇಡಿ; ಕಲ್ಪಿತ ಕುಟುಂಬವೊಂದರ ರಾತ್ರಿಯೂಟ ಎಂದಿಟ್ಟುಕೊಳ್ಳಿ. ಉಳಿದವರನ್ನು ನಿಲ್ಲಿಸಿ ಚಿತ್ರ ಕಟ್ಟಿದವರು ಹೊರಗೆ ನಿಂತು ನೋಡಲಿ. ಮಗುವಿನ ಜಾಗದಲ್ಲಿ ಖಾಲಿ ಕುರ್ಚಿ ಸಾಕು. ಆಮೇಲೆ ಒಂದೇ ಒಂದು ಬದಲಾವಣೆ ಕೇಳಿ. ಗೋಡೆಗೆ ಮುಖಮಾಡಿದ ಅಜ್ಜಿಯನ್ನು ಮಗುವಿನ ಕಡೆ ತಿರುಗಿಸಿದರೂ ಸರಿ, ಅದು ದೊಡ್ಡ ಹೆಜ್ಜೆಯೇ.

ಯಾರಾದರೂ ಇದ್ದಕ್ಕಿದ್ದಂತೆ ಮರಗಟ್ಟಿದರೆ ದೃಶ್ಯ ಅಲ್ಲಿಗೇ ನಿಲ್ಲಿಸಿ. ಪಾದ ನೆಲಕ್ಕೂರಲು, ಕಾಣುವ ಐದು ವಸ್ತು ಹೆಸರಿಸಲು ಹೇಳಿ, ಕಾರಣ ಕೆದಕಬೇಡಿ. ಕೊನೆಯ ಇಪ್ಪತ್ತು ನಿಮಿಷ ಪಾತ್ರ ಕಳಚಲಿಕ್ಕೇ ಮೀಸಲು. ಈ ಹೊತ್ತನ್ನು ನುಂಗಿಬಿಟ್ಟರೆ ಜನ ಆ ಭಾರವನ್ನೇ ಹೊತ್ತು ಮನೆಗೆ ಹೋಗುತ್ತಾರೆ.

ಸಾರ್ವಜನಿಕ ಪ್ರದರ್ಶನದ ಆಸೆಯನ್ನು ಅನುದಾನ ಕೊಡುವವರು ಬೇಗ ಹುಟ್ಟಿಸುತ್ತಾರೆ. ಆದರೆ ಪ್ರೇಕ್ಷಕರಲ್ಲಿ ಹಿಂಸೆ ಕೊಟ್ಟ ಅದೇ ಮನೆಯವರು ಕೂತಿರಬಹುದು. ಒಪ್ಪಿಗೆಯನ್ನು ಪ್ರದರ್ಶನದ ದಿನವೂ ಮತ್ತೆ ಕೇಳಿ.

ಹದಿನೆಂಟು ತುಂಬದವರಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ವರದಿ ಮಾಡಲೇಬೇಕು. ‘ಗುಟ್ಟಾಗಿಡುತ್ತೇವೆ’ ಎಂದು ಮಾತು ಕೊಡದೆ ಇದನ್ನು ಮೊದಲ ದಿನವೇ ಹೇಳಿ, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿಡಿ.